ಜೆರಾಕ್ಸ್ ಅಂಗಡಿಯವನಿಂದ ಮುಖ್ಯ ಕಾರ್ಯದರ್ಶಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಮುಖ್ಯ ಕಾರ್ಯದರ್ಶಿಗಳಿಗೆ,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು.

ವಿಷಯ: ಕಚೇರಿಗಳಲ್ಲಿ ಸಾರ್ವಜನಿಕರಿಂದ ಆಧಾರ್ ಪ್ರತಿ ಪಡೆಯುತ್ತಿರುವ ಬಗ್ಗೆ.

ಮಾನ್ಯರೇ,

ಇದನ್ನು ಬಹಿರಂಗವಾಗಿ ಬರೆಯುವ ಉದ್ದೇಶ ನನಗಿರಲಿಲ್ಲ. ಹೋದ ವಾರ ಎರಡು ಪುಟದ ಮನವಿಯಾಗಿ ಇದನ್ನೇ ಬರೆದು, ನಮ್ಮ ಊರಿನ ಕಚೇರಿಯೊಂದರ ಟಪಾಲು ವಿಭಾಗಕ್ಕೆ ಕೊಟ್ಟು ಸ್ವೀಕೃತಿ ಕೇಳಿದೆ. ಅಲ್ಲಿ ಕುಳಿತಿದ್ದ ಹುಡುಗ ಹಾಳೆಗಳನ್ನು ಹಿಂದೆ ಮುಂದೆ ತಿರುಗಿಸಿ, "ಅಣ್ಣ, ಆಧಾರ್ ಜೆರಾಕ್ಸ್ ಲಗತ್ತಿಸಿಲ್ಲವಲ್ಲ" ಎಂದ. ಅರ್ಜಿಯ ವಿಷಯವೇ ಅದು, ಓದಿ ನೋಡು ಎಂದೆ. "ವಿಷಯ ಏನಾದರೂ ಇರಲಿ, ಆಧಾರ್ ಇಲ್ಲದೆ ಯಾವ ಅರ್ಜಿಯನ್ನೂ ತೆಗೆದುಕೊಳ್ಳಬಾರದೆಂದು ಹೇಳಿದ್ದಾರೆ" ಎಂದ. ಯಾರು ಹೇಳಿದ್ದು ಎಂದರೆ ಅವನಿಗೂ ಗೊತ್ತಿಲ್ಲ. ಅವನ ಮೇಲೆ ನನಗೆ ಸಿಟ್ಟಿಲ್ಲ. ದಿನಕ್ಕೆ ಎರಡು ಸಲ ನನ್ನ ಅಂಗಡಿಯ ಸ್ಟೂಲಿನ ಮೇಲೆ ಕುಳಿತು ಚಹಾ ಕುಡಿದು ಹೋಗುವವನು. ಹಾಳೆಗಳನ್ನು ಮಡಿಚಿ ಜೇಬಿಗೆ ಹಾಕಿಕೊಂಡು ವಾಪಸ್ಸು ಬಂದೆ.

ನಾನು ತಾಲ್ಲೂಕು ಕಚೇರಿಯ ಎದುರಿನ ಸಾಲಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಜೆರಾಕ್ಸ್ ಅಂಗಡಿ ನಡೆಸುತ್ತಿದ್ದೇನೆ. ಮೊದಲು ಒಂದು ಯಂತ್ರ, ಪ್ರತಿಗೆ ಒಂದು ರೂಪಾಯಿ. ಈಗ ಎರಡು ಯಂತ್ರ, ಎರಡು ಕಂಪ್ಯೂಟರ್, ಒಂದು ಲ್ಯಾಮಿನೇಷನ್ ಯಂತ್ರ, ಪ್ರತಿಗೆ ಎರಡು ರೂಪಾಯಿ. ಆಗ ಜನ ತರುತ್ತಿದ್ದುದು ಪಹಣಿ, ಮ್ಯುಟೇಷನ್, ಅಂಕಪಟ್ಟಿ, ಕ್ರಯಪತ್ರ. ಈಗಲೂ ಅವು ಬರುತ್ತವೆ, ಆದರೆ ಒಂದೊಂದರ ಬೆನ್ನಿಗೂ ಒಂದು ಆಧಾರ್ ಇರುತ್ತದೆ. ಪಿಂಚಣಿಗೆ ಆಧಾರ್, ಪಹಣಿ ತಿದ್ದುಪಡಿಗೆ ಆಧಾರ್, ಮಗುವನ್ನು ಶಾಲೆಗೆ ಸೇರಿಸಲು ಮಗುವಿನದೂ ಅಪ್ಪನದೂ ಅಮ್ಮನದೂ ಆಧಾರ್, ಕಲ್ಯಾಣ ಮಂಟಪ ಗೊತ್ತು ಮಾಡಲು ಆಧಾರ್, ಯಾತ್ರೆಗೆ ಹೋದಲ್ಲಿ ಕೋಣೆ ಹಿಡಿಯಲು ಆಧಾರ್. 2023ರ ಜುಲೈನಲ್ಲಿ ಗೃಹಲಕ್ಷ್ಮಿಯ ಅರ್ಜಿ ಶುರುವಾದಾಗ ಬೆಳಗ್ಗೆ ಏಳಕ್ಕೇ ನನ್ನ ಅಂಗಡಿಯ ಮುಂದೆ ಹೆಂಗಸರ ಸಾಲು ನಿಂತಿರುತ್ತಿತ್ತು. ಅರ್ಜಿ ಉಚಿತವಾಗಿತ್ತು, ಜೆರಾಕ್ಸ್ ಉಚಿತವಾಗಿರಲಿಲ್ಲ. ಆ ಮಳೆಗಾಲದ ಸಂಪಾದನೆಯಲ್ಲೇ ಎರಡನೆಯ ಯಂತ್ರ ಕೊಂಡೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು: ನಾನು ಕೇಳುತ್ತಿರುವುದನ್ನು ತಾವು ನಡೆಸಿಕೊಟ್ಟರೆ ಮೊದಲ ಪೆಟ್ಟು ಬೀಳುವುದು ನನ್ನ ಗಲ್ಲಾಪೆಟ್ಟಿಗೆಗೆ.

ಕಚೇರಿಗಳ ಗೋಡೆಯ ಮೇಲೆ ಈಗ ಸೈಬರ್ ಜಾಗೃತಿಯ ಭಿತ್ತಿಪತ್ರಗಳಿವೆ. ಓಟಿಪಿ ಹೇಳಬೇಡಿ, ಗೊತ್ತಿಲ್ಲದ ಲಿಂಕ್ ಒತ್ತಬೇಡಿ, ಹಣ ಪಡೆಯಲು ಯುಪಿಐ ಪಿನ್ ಬೇಕಾಗುವುದಿಲ್ಲ, ಮದುವೆಯ ಆಮಂತ್ರಣ ಎಂದು ಬಂದ ಆ್ಯಪ್ ಹಾಕಿಕೊಳ್ಳಬೇಡಿ. ಎಲ್ಲವೂ ಸರಿಯೇ. ಅವುಗಳಲ್ಲಿ ಅರ್ಧದಷ್ಟನ್ನು ಮುದ್ರಿಸಿಕೊಟ್ಟವನೂ ನಾನೇ. ಆದರೆ ಅದೇ ಭಿತ್ತಿಪತ್ರದ ಕೆಳಗೆ ಒಂದು ಕಿಟಕಿ, ಆ ಕಿಟಕಿಯಲ್ಲಿ ಒಂದು ಕೈ, ಆ ಕೈ ಕೇಳುವುದು "ಆಧಾರ್ ಕೊಡಿ, ಪ್ಯಾನ್ ಕೊಡಿ, ಪಾಸ್‌ಬುಕ್‌ನ ಮೊದಲ ಪುಟ ಕೊಡಿ, ಎಲ್ಲಕ್ಕೂ ಸಹಿ ಹಾಕಿ ಕೊಡಿ". ಎಚ್ಚರಿಕೆಯ ಹೊರೆಯೆಲ್ಲ ಕಿಟಕಿಯ ಈಚೆಗೆ ನಿಂತವರ ತಲೆಯ ಮೇಲೆ. ಆಚೆ ಕುಳಿತವರಿಗೆ ಯಾವ ಭಿತ್ತಿಪತ್ರವನ್ನೂ ಯಾರೂ ನನ್ನಿಂದ ಮುದ್ರಣ ಮಾಡಿಸಿಲ್ಲ.

ಆಚೆಯವರನ್ನು ದೂರುವ ಮೊದಲು ನನ್ನ ಅಂಗಡಿಯ ಸ್ಥಿತಿ ಹೇಳುತ್ತೇನೆ. ಈಗ ಮುಕ್ಕಾಲು ಪಾಲು ಜನ ದಾಖಲೆಯನ್ನು ಕೈಯಲ್ಲಿ ಹಿಡಿದು ಬರುವುದಿಲ್ಲ. "ನಿಮ್ಮ ನಂಬರಿಗೆ ವಾಟ್ಸ್‌ಆ್ಯಪ್ ಮಾಡಿದ್ದೇನೆ, ಪ್ರಿಂಟ್ ತೆಗೆಯಿರಿ" ಎನ್ನುತ್ತಾರೆ. ಅಂಗಡಿಯ ಮೊಬೈಲಿನಲ್ಲಿ ತಾಲ್ಲೂಕಿನ ಅರ್ಧ ಜನಸಂಖ್ಯೆ ಇದೆ. ಜಾಲತಾಣದಿಂದ ಆಧಾರ್ ಇಳಿಸಿಕೊಡಿ ಎಂದು ಬರುವವರು ಮೊಬೈಲನ್ನೇ ನನ್ನ ಕೈಗಿಟ್ಟು ಚಹಾ ಕುಡಿಯಲು ಹೋಗುತ್ತಾರೆ. ಓಟಿಪಿ ಬಂದರೆ ನೋಡುವವನು ನಾನು. ಇಳಿಸಿದ ಕಡತಕ್ಕೆ ಗುಪ್ತಪದ ಇದೆ ಎಂದು ಹೆಸರಿಗೆ. ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ದೊಡ್ಡಕ್ಷರ, ಆಮೇಲೆ ಹುಟ್ಟಿದ ವರ್ಷ. ಎರಡೂ ಅದೇ ಕಾರ್ಡಿನ ಮೇಲಿವೆ. ಬೀಗದ ಕೈಯನ್ನು ಚಿಲಕಕ್ಕೇ ಕಟ್ಟಿ ತೂಗುಬಿಟ್ಟ ಹಾಗೆ. ಇದು ಗೊತ್ತಿಲ್ಲದ ಜೆರಾಕ್ಸ್ ಅಂಗಡಿಯವನು ರಾಜ್ಯದಲ್ಲಿ ಯಾರೂ ಇರಲಾರ.

ಇನ್ನು ಕೆಟ್ಟ ಪ್ರತಿಗಳು. ಟೋನರ್ ಮುಗಿಯುತ್ತ ಬಂದಾಗ ಹತ್ತರಲ್ಲಿ ಒಂದೆರಡು ಹಾಳೆ ಮಸಿ ಬಳಿದುಕೊಂಡು ಬರುತ್ತವೆ. ವರ್ಷಗಟ್ಟಲೆ ಅವನ್ನು ನಾನು ರದ್ದಿಗೆ ಹಾಕಿದೆ. ಒಂದು ಸಂಜೆ ಪಕ್ಕದ ಗಾಡಿಯಿಂದ ಬೋಂಡಾ ಕಟ್ಟಿಸಿಕೊಂಡು ಬಂದು ಪೊಟ್ಟಣ ಬಿಚ್ಚಿದರೆ, ಎಣ್ಣೆ ಹೀರಿದ ಕಾಗದದಲ್ಲಿ ನಮ್ಮ ಬೀದಿಯ ನಿವೃತ್ತ ಮೇಷ್ಟರು! ನನ್ನ ಮಗಳಿಗೆ ಗಣಿತ ಕಲಿಸಿದವರು. ಮುಖ ಪೂರ್ತಿ ಕಪ್ಪಾಗಿತ್ತು, ಹಾಗಾಗಿಯೇ ಆ ಪ್ರತಿಯನ್ನು ಬಿಸಾಡಿದ್ದೆ. ಕೆಳಗಿನ ಹನ್ನೆರಡು ಅಂಕಿಗಳು ಮಾತ್ರ ಮುತ್ತು ಪೋಣಿಸಿದ ಹಾಗೆ ಸ್ಪಷ್ಟವಾಗಿದ್ದವು. ಆ ಬೋಂಡಾ ನನ್ನ ಗಂಟಲಲ್ಲಿ ಇಳಿಯಲಿಲ್ಲ. ಮರುವಾರ ಕಾಗದ ಚೂರು ಮಾಡುವ ಸಣ್ಣ ಯಂತ್ರ ತಂದೆ. ದಿನಾ ಅಂಗಡಿ ಮುಚ್ಚುವಾಗ ಕಂಪ್ಯೂಟರಿನ ಕಡತಗಳನ್ನೂ ವಾಟ್ಸ್‌ಆ್ಯಪ್ಪಿನಲ್ಲಿ ಬಂದವನ್ನೂ ಅಳಿಸುತ್ತೇನೆ. ಆದರೆ ನಾನು ಒಬ್ಬ. ನಮ್ಮ ಸಾಲಿನಲ್ಲೇ ಐದು ಅಂಗಡಿಗಳಿವೆ.

ಹಾಳಾದ ಪ್ರತಿಗಳ ಗತಿ ಇದಾದರೆ, ಚೆನ್ನಾಗಿ ಬಂದ ಪ್ರತಿಗಳು ಎಲ್ಲಿಗೆ ಹೋಗುತ್ತವೆ? ತಮ್ಮ ಕಚೇರಿಗಳಿಗೆ. ಮೆಟ್ಟಿಲ ಕೆಳಗೆ, ಬೀರುವಿನ ನೆತ್ತಿಯ ಮೇಲೆ, ಕಕ್ಷಿದಾರರು ಕುಳಿತುಕೊಳ್ಳುವ ಬೆಂಚಿನ ಪಕ್ಕದಲ್ಲಿ, ದಾರ ಕಟ್ಟಿದ ಕಟ್ಟುಗಳಲ್ಲಿ. ಇಲಿಗೆ ಸಿಕ್ಕಿದ್ದು ಪುಣ್ಯ, ಅದಾದರೂ ಚೂರು ಮಾಡುತ್ತದೆ.

ಈಗ ಒಬ್ಬ ಅಜ್ಜಿಯ ವಿಷಯ. ನಮ್ಮ ಊರಿಗೆ ಎಂಟು ಕಿಲೋಮೀಟರ್ ದೂರದ ಹಳ್ಳಿಯವರು. 2023ರ ಮಳೆಗಾಲದಲ್ಲಿ ಒಂದು ದಿನ ಪಾಸ್‌ಬುಕ್ ಹಿಡಿದು ಬಂದು, "ಇದರಲ್ಲಿ ಏನು ಬರೆದಿದೆ ನೋಡಪ್ಪ" ಎಂದರು. ಮೂರು ಸಲ ಹತ್ತತ್ತು ಸಾವಿರ ತೆಗೆದಿದ್ದರು. ಅಜ್ಜಿ ಒಂದು ರೂಪಾಯಿಯನ್ನೂ ತೆಗೆದಿರಲಿಲ್ಲ. ಬ್ಯಾಂಕಿನಲ್ಲಿ ಕೇಳಿದರೆ "ಓಟಿಪಿ ಹೇಳಿರುತ್ತೀರಿ" ಎಂದರಂತೆ. ಅಜ್ಜಿ ನನ್ನನ್ನು ಕೇಳಿದರು: "ಓಟಿಪಿ ಎಂದರೆ ಯಾರಪ್ಪ ಅವನು?"

ಅವರ ಬಳಿ ಮೊಬೈಲೇ ಇಲ್ಲ. ಯಾರೂ ಅವರಿಗೆ ಕರೆ ಮಾಡಿಲ್ಲ, ಯಾವ ಲಿಂಕನ್ನೂ ಅವರು ಒತ್ತಿಲ್ಲ. ತಮ್ಮ ಭಿತ್ತಿಪತ್ರದಲ್ಲಿರುವ ಒಂದೊಂದು ಎಚ್ಚರಿಕೆಯನ್ನೂ ಅವರು ಅಕ್ಷರ ಗೊತ್ತಿಲ್ಲದೆಯೇ ಪಾಲಿಸಿದ್ದರು. ಪಾಸ್‌ಬುಕ್ಕಿನ ಆ ಮೂರು ಸಾಲುಗಳ ಪಕ್ಕದಲ್ಲಿ ನಾಲ್ಕು ಇಂಗ್ಲಿಷ್ ಅಕ್ಷರಗಳಿದ್ದವು: ಎಇಪಿಎಸ್. ಅಂದರೆ ಆಧಾರ್ ಆಧಾರಿತ ಪಾವತಿ ವ್ಯವಸ್ಥೆ. ಬ್ಯಾಂಕ್ ಶಾಖೆ ಇಲ್ಲದ ಹಳ್ಳಿಯಲ್ಲಿ, ಬ್ಯಾಂಕಿನ ಪರವಾಗಿ ಹಣ ಕೊಡುವ ಬ್ಯಾಂಕ್ ಮಿತ್ರನ ಕೈಯ ಪುಟ್ಟ ಯಂತ್ರದ ಮೇಲೆ ಬೆರಳೊತ್ತಿ ಹಣ ಪಡೆಯಲಿ ಎಂದು ಮಾಡಿದ್ದು. ಉದ್ದೇಶ ಒಳ್ಳೆಯದು, ಬಡವರಿಗೆ ಅದರಿಂದ ಆದ ಉಪಕಾರವೂ ದೊಡ್ಡದು. ಅದಕ್ಕೆ ಬೇಕಾಗುವುದು ಮೂರೇ: ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳಚ್ಚು. ಎಟಿಎಂ ಕಾರ್ಡ್ ಬೇಡ, ಪಿನ್ ಬೇಡ, ಓಟಿಪಿ ಬೇಡ. ಖಾತೆಗೆ ಆಧಾರ್ ಜೋಡಣೆಯಾದರೆ ಸಾಕು, ನಾವು ಕೇಳದಿದ್ದರೂ ಆ ಬಾಗಿಲು ತೆರೆದುಕೊಂಡಿರುತ್ತದೆ. ಮೊದಲೆರಡು ನನ್ನ ಅಂಗಡಿಯಂಥ ಜಾಗದಲ್ಲಿ ರಾಶಿ ರಾಶಿ ಸಿಗುತ್ತವೆ. ಮೂರನೆಯದು?

ಮೂರನೆಯದು ಎಲ್ಲಿ ಸಿಗುತ್ತಿತ್ತು ಎಂಬುದು ಅದೇ ವರ್ಷದ ಅಕ್ಟೋಬರ್ ಹೊತ್ತಿಗೆ ಪತ್ರಿಕೆಗಳಲ್ಲಿ ಬಂತು. ಆಸ್ತಿ ನೋಂದಣಿಯಾದ ಪತ್ರಗಳ ಪ್ರತಿಗಳನ್ನು ಸರ್ಕಾರದ ಕಾವೇರಿ ಜಾಲತಾಣದಿಂದ ಇಳಿಸಿಕೊಂಡು, ಅವುಗಳ ಮೇಲಿದ್ದ ಹೆಬ್ಬೆಟ್ಟಿನ ಗುರುತಿನಿಂದ ನಕಲಿ ಬೆರಳು ಮಾಡಿ, ಪತ್ರದಲ್ಲೇ ಇದ್ದ ಆಧಾರ್ ಸಂಖ್ಯೆಯನ್ನು ಸೇರಿಸಿ ಹಣ ತೆಗೆಯುತ್ತಿದ್ದರು. ಮಂಗಳೂರಿನ ಪೊಲೀಸರು ಬಿಹಾರದ ಮೂವರನ್ನು ಹಿಡಿದು ತಂದರು. ದಕ್ಷಿಣ ಕನ್ನಡದಲ್ಲೂ ಬೆಂಗಳೂರಿನಲ್ಲೂ ದೂರುಗಳು ಸಾಲುಗಟ್ಟಿದ ಮೇಲೆ ನೋಂದಣಿ ಇಲಾಖೆ ಆ ಪ್ರತಿಗಳಲ್ಲಿ ಬೆರಳಚ್ಚು ಕಾಣದಂತೆ ಮರೆಮಾಡುವ ಕೆಲಸಕ್ಕೆ ಕೈಹಾಕಿತು. ನಮ್ಮ ಅಜ್ಜಿ ಅದಕ್ಕೂ ಆರು ತಿಂಗಳ ಹಿಂದೆ ಜಮೀನಿನ ವಿಭಾಗಪತ್ರಕ್ಕೆ ಹೆಬ್ಬೆಟ್ಟು ಒತ್ತಿದ್ದರು. ಅವರ ಬೆರಳು ಅಲ್ಲಿಂದಲೇ ಹೋಯಿತೆಂದು ನಾನು ಹೇಳುತ್ತಿಲ್ಲ. ಅವರು ಹೆಬ್ಬೆಟ್ಟು ಒತ್ತಿದ ಜಾಗಗಳು ಅದೊಂದೇ ಅಲ್ಲ. ಜೀವನದಲ್ಲಿ ಅವರು ಹಾಕಿದ ಸಹಿಯೆಲ್ಲ ಹೆಬ್ಬೆಟ್ಟೇ. ಪಿನ್ ಕದ್ದರೆ ಬದಲಾಯಿಸಬಹುದು, ಕಾರ್ಡ್ ಕಳೆದರೆ ಬೇರೆ ಕೊಡುತ್ತಾರೆ. ಎಪ್ಪತ್ತೆರಡು ವರ್ಷದ ಅಜ್ಜಿಗೆ ಹೊಸ ಹೆಬ್ಬೆರಳನ್ನು ಯಾವ ಇಲಾಖೆ ಕೊಡುತ್ತದೆ?

ಅವರ ಹಣ ವಾಪಸ್ಸು ಬಂತು. ಬಂದ ದಾರಿಯನ್ನು ಹೇಳಲೇಬೇಕು. ಜೆರಾಕ್ಸ್ ಅಂಗಡಿಯವನಿಗೆ ಒಂದು ಲಾಭವಿದೆ, ಊರಿನ ಕಾಗದವೆಲ್ಲ ಓದಲು ಸಿಗುತ್ತದೆ. ವಕೀಲರೊಬ್ಬರು ಬೇರೆ ಯಾವುದೋ ಪ್ರಕರಣಕ್ಕೆಂದು ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯನ್ನು ಪ್ರತಿ ಮಾಡಿಸಲು ಕೊಟ್ಟಿದ್ದರು. ಅದರ ಪ್ರಕಾರ, ಗ್ರಾಹಕರ ತಪ್ಪಿಲ್ಲದೆ, ಮೂರನೆಯವರ ಕೈವಾಡದಿಂದ ಖಾತೆಯ ಹಣ ಹೋದರೆ, ಆ ವಹಿವಾಟಿನ ಮಾಹಿತಿ ತಲುಪಿ ಮೂರು ಕೆಲಸದ ದಿನಗಳೊಳಗೆ ಬ್ಯಾಂಕಿಗೆ ತಿಳಿಸಿದವರಿಗೆ ನಷ್ಟದ ಹೊಣೆ ಇಲ್ಲ. ದೂರು ಕೊಟ್ಟ ಹತ್ತು ಕೆಲಸದ ದಿನಗಳಲ್ಲಿ ಬ್ಯಾಂಕ್ ಆ ಮೊತ್ತವನ್ನು ಖಾತೆಗೆ ಜಮಾ ತೋರಿಸಬೇಕು. ತಪ್ಪು ಗ್ರಾಹಕರದೇ ಎಂದು ಸಾಬೀತು ಮಾಡಬೇಕಾದದ್ದು ಬ್ಯಾಂಕು. ಹಣ ಹೋಗಿ ಎರಡು ತಿಂಗಳಾಗಿತ್ತು ನಿಜ. ಆದರೆ ಅಜ್ಜಿಗೆ ಯಾವ ಸಂದೇಶವೂ ಬಂದಿರಲಿಲ್ಲ. ಆಧಾರಿಗೂ ಖಾತೆಗೂ ಕೊಟ್ಟಿದ್ದ ನಂಬರು ಬೆಂಗಳೂರಿನಲ್ಲಿರುವ ಮಗನ ಹಳೆಯ ಸಿಮ್ಮಿನದು, ಆತ ಅದನ್ನು ಬಿಟ್ಟು ಕಾಲವಾಗಿತ್ತು. ಅವರಿಗೆ ಮಾಹಿತಿ ತಲುಪಿದ್ದು ಪಾಸ್‌ಬುಕ್ ಬರೆಸಿದ ದಿನವೇ ಎಂದು ವಕೀಲರು ಒಂದು ಪುಟದ ದೂರು ಬರೆದುಕೊಟ್ಟರು, ಶುಲ್ಕ ತೆಗೆದುಕೊಳ್ಳಲಿಲ್ಲ. ನಾನೂ ಪ್ರತಿಗಳಿಗೆ ದುಡ್ಡು ತೆಗೆದುಕೊಳ್ಳಲಿಲ್ಲ. ಐದು ತಿಂಗಳು ಹಿಡಿಯಿತು. ಅಜ್ಜಿ ಬ್ಯಾಂಕಿಗೆ ಹೋದಾಗಲೆಲ್ಲ ಕೇಳಿದ್ದು, ಹೌದು, ಆಧಾರ್ ಜೆರಾಕ್ಸ್. ಹನ್ನೊಂದು ಸಲ ಕೊಟ್ಟಿದ್ದಾರೆ. ನನಗೆ ಲೆಕ್ಕ ಗೊತ್ತು, ಮಾಡಿಕೊಟ್ಟವನು ನಾನು.

ಆಮೇಲೆ ಮೇಷ್ಟರ ಸರದಿ. ಕಳೆದ ವರ್ಷದ ಒಂದು ಮಧ್ಯಾಹ್ನ, ಸಾಮಾನ್ಯವಾಗಿ "ಏನಯ್ಯ" ಎಂದು ದೂರದಿಂದಲೇ ಕೂಗುತ್ತ ಬರುವವರು ಸದ್ದಿಲ್ಲದೆ ಬಂದು ನಿಂತರು. ಶರ್ಟಿನ ಜೇಬಿನಲ್ಲಿ ಮೊಬೈಲ್, ಅದರ ಕ್ಯಾಮೆರಾ ಹೊರಗೆ ಇಣುಕುತ್ತಿತ್ತು. ಮೂರು ಪುಟ ಕಳಿಸಿದ್ದೇನೆ, ಪ್ರಿಂಟ್ ಕೊಡು ಎಂದು ಪಿಸುಗುಟ್ಟಿದರು. ಹಾಳೆ ಹೊರಗೆ ಬಂತು. ಮೇಷ್ಟರ ಹೆಸರಿನಲ್ಲಿ ಬಂಧನದ ಆದೇಶ! ಸುಪ್ರೀಂ ಕೋರ್ಟು, ಸಿಬಿಐ, ರಿಸರ್ವ್ ಬ್ಯಾಂಕು, ಮೂರರ ಮೊಹರುಗಳೂ ಒಂದೇ ನೇರಕ್ಕೆ ಕುಳಿತಿದ್ದವು. ಮಾನ್ಯರೇ, ತಪ್ಪು ತಿಳಿಯಬೇಡಿ, ಇಪ್ಪತ್ತೆರಡು ವರ್ಷ ಸರ್ಕಾರಿ ಆದೇಶಗಳನ್ನು ಪ್ರತಿ ಮಾಡಿದವನು ನಾನು. ನಿಜವಾದ ಆದೇಶದಲ್ಲಿ ಮೊಹರು ಓರೆ ಬಿದ್ದಿರುತ್ತದೆ, ಸಹಿ ಅದರ ಮೇಲೆ ಹತ್ತಿರುತ್ತದೆ, ಪತ್ರ ಸಂಖ್ಯೆಯನ್ನು ಪೆನ್ನಿನಲ್ಲಿ ತಿದ್ದಿರುತ್ತಾರೆ, ದಿನಾಂಕದ ಜಾಗ ಒಮ್ಮೊಮ್ಮೆ ಖಾಲಿಯೇ ಇರುತ್ತದೆ. ಇಷ್ಟು ಅಚ್ಚುಕಟ್ಟಾದ ಆದೇಶವನ್ನು ನಮ್ಮ ಯಾವ ಕಚೇರಿಯೂ ಹೊರಡಿಸಲಾರದು ಎಂಬ ನಂಬಿಕೆಯೇ ಅಂದು ಮೇಷ್ಟರನ್ನು ಉಳಿಸಿತು.

ಕೆಟ್ಟ ಪ್ರತಿಯೊಂದರ ಹಿಂಬದಿಯಲ್ಲಿ "ಇದು ಮೋಸ, ಮೊಬೈಲ್ ಆಫ್ ಮಾಡಿ" ಎಂದು ಬರೆದು, ಕ್ಯಾಮೆರಾಕ್ಕೆ ಕಾಣದ ಹಾಗೆ ಮೇಜಿನ ಕೆಳಗೆ ಹಿಡಿದೆ. ಅವರು ಓದಿದರು. ಒಂದು ನಿಮಿಷ ಅಲುಗಾಡಲಿಲ್ಲ. ಆಮೇಲೆ ಜೇಬಿಗೆ ಕೈ ಹಾಕಿ ಮೊಬೈಲನ್ನು ಆರಿಸಿದರು. ಆ ಕೈ ನಡುಗುತ್ತಿದ್ದುದನ್ನು ನೋಡಿ ನಾನು ಅಂಗಡಿಯ ಷಟರ್ ಅರ್ಧ ಇಳಿಸಿದೆ. ಪೊಲೀಸ್ ವೇಷದವನೊಬ್ಬನ ವಿಡಿಯೊ ಕರೆ ಎರಡು ದಿನದಿಂದ ನಡೆಯುತ್ತಿತ್ತಂತೆ, ಮಲಗುವಾಗಲೂ. ಮನೆಯಾಕೆಗೆ ಹೇಳಬಾರದೆಂದು ಆಜ್ಞೆ. ನಿಶ್ಚಿತ ಠೇವಣಿ ಮುರಿಸಲು ಬ್ಯಾಂಕಿಗೆ ಹೊರಟಿದ್ದರು. ಹೀಗೆ ವಿಡಿಯೊ ಕರೆಯಲ್ಲೇ ಕೂಡಿಹಾಕುವ ಡಿಜಿಟಲ್ ಬಂಧನ ಎಂಬುದು ಯಾವ ಕಾನೂನಿನಲ್ಲೂ ಇಲ್ಲವೆಂದು ಪ್ರಧಾನಮಂತ್ರಿಗಳೇ 2024ರ ಅಕ್ಟೋಬರ್ 27ರ ಬಾನುಲಿ ಭಾಷಣದಲ್ಲಿ ಹೇಳಿದ್ದರು. ಮೇಷ್ಟರು ಅದನ್ನು ಕೇಳಿದ್ದರು ಕೂಡ. ಮೂವತ್ತೈದು ವರ್ಷ ಪಾಠ ಮಾಡಿದವರು, ದಿನಾ ಎರಡು ಪತ್ರಿಕೆ ಓದುವವರು. ಹಾಗಿದ್ದೂ ಯಾಕೆ ನಂಬಿದಿರಿ ಮೇಷ್ಟರೇ ಎಂದೆ.

"ನನ್ನ ಆಧಾರ್ ಸಂಖ್ಯೆಯನ್ನು ತಡವರಿಸದೆ ಹೇಳಿದನಯ್ಯ. ನಮ್ಮ ತಂದೆಯ ಹೆಸರು ಹೇಳಿದ. ಪಿಂಚಣಿ ಯಾವ ಶಾಖೆಗೆ ಬರುತ್ತದೆಂದು ಹೇಳಿದ. ಸರ್ಕಾರಕ್ಕಲ್ಲದೆ ಇನ್ಯಾರಿಗೆ ಇದೆಲ್ಲ ಗೊತ್ತಿರುತ್ತದೆ?"

ಆ ರಾತ್ರಿ ನನಗೆ ಬೋಂಡಾದ ಕಾಗದ ಕಣ್ಣಮುಂದೆ ಬಂತು. ಇಂಥ ತಂಡಗಳು ಬೋಂಡಾ ಗಾಡಿಯ ಮುಂದೆ ಕಾದು ನಿಲ್ಲುವುದಿಲ್ಲ, ಸಾವಿರಾರು ಹೆಸರಿನ ಪಟ್ಟಿಗಳನ್ನು ಒಟ್ಟಿಗೆ ಕೊಳ್ಳುತ್ತವೆ ಎಂಬುದು ನನಗೆ ಗೊತ್ತು. ಗೊತ್ತಿದ್ದರೂ ನಿದ್ದೆ ಬರಲಿಲ್ಲ. ಮೋಸಗಾರನ ಮಾತಿಗೆ ತೂಕ ಬರುವುದು ಅವನ ಖಾಕಿ ಬಟ್ಟೆಯಿಂದಲ್ಲ, ನಾವು ಕಿಟಕಿ ಕಿಟಕಿಗೂ ಕೊಟ್ಟು ಬಂದ ಆ ಕಾಗದಗಳಿಂದ. ಸರ್ಕಾರಕ್ಕೆ ಮಾತ್ರ ಗೊತ್ತಿರಬೇಕಾದದ್ದು ಊರಿಗೆಲ್ಲ ಗೊತ್ತಾದ ದಿನ, ಫೋನಿನಲ್ಲಿ ಯಾರು ಬೇಕಾದರೂ ಸರ್ಕಾರವಾಗಬಹುದು.

ಇದನ್ನು ಮೊದಲು ಹೇಳಿದವನು ನಾನೇನಲ್ಲ. 2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿಯೇ ಒಂದು ಪ್ರಕಟಣೆ ಹೊರಡಿಸಿತ್ತು: ಆಧಾರಿನ ಪ್ರತಿಯನ್ನು ಯಾವ ಸಂಸ್ಥೆಗೂ ಕೊಡಬೇಡಿ, ದುರ್ಬಳಕೆಯಾಗಬಹುದು, ಕೊಡಲೇಬೇಕಾದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮರೆಮಾಡಿದ ಆಧಾರ್ ಕೊಡಿ, ಸಾರ್ವಜನಿಕ ಕಂಪ್ಯೂಟರುಗಳಲ್ಲಿ ಆಧಾರ್ ಇಳಿಸಬೇಡಿ, ಇಳಿಸಿದರೆ ಅಳಿಸಿಬಿಡಿ. ಪತ್ರಿಕೆಯಲ್ಲಿ ಓದಿ, ನನ್ನ ಅಂಗಡಿಗೆ ಬೀಗ ಬಿತ್ತು ಎಂದುಕೊಂಡೆ. ಹೆದರಿದ್ದು ಎರಡೇ ದಿನ. 29ರಂದು ಕೇಂದ್ರ ಸಚಿವಾಲಯ ಆ ಪ್ರಕಟಣೆಯನ್ನು ವಾಪಸ್ಸು ಪಡೆಯಿತು. ಜನ ತಪ್ಪಾಗಿ ಅರ್ಥ ಮಾಡಿಕೊಳ್ಳಬಹುದು, ಸಾಮಾನ್ಯ ವಿವೇಚನೆ ಬಳಸಿದರೆ ಸಾಕು ಎಂದಿತು. ಸಾಮಾನ್ಯ ವಿವೇಚನೆ! ಕಿಟಕಿಯ ಮುಂದೆ ನಿಂತವನಿಗೆ ಅದನ್ನು ಬಳಸಲು ಜಾಗ ಎಲ್ಲಿದೆ? ಕೊಟ್ಟರೆ ಅರ್ಜಿ, ಕೊಡದಿದ್ದರೆ "ನಾಳೆ ಬನ್ನಿ".

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರಲ್ಲಿ ಹೇಳಿದ ಪ್ರಕರಣ ಇಂದಿಗೂ ನಮ್ಮವರ ಹೆಸರಿನಲ್ಲೇ ಕರೆಯಲ್ಪಡುತ್ತದೆ. ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರು, ಆಧಾರ್ ವಿರುದ್ಧ 2012ರಲ್ಲಿ ಅರ್ಜಿ ಹಾಕಿದಾಗ ಎಂಬತ್ತು ದಾಟಿದ್ದರು. ದೇಶದ ಮೊದಲ ಸೈಬರ್ ಅಪರಾಧ ಠಾಣೆ 2001ರಲ್ಲಿ ಶುರುವಾದದ್ದೂ ನಮ್ಮ ಬೆಂಗಳೂರಿನಲ್ಲೇ. ಇಂಥ ರಾಜ್ಯದ ಒಂದು ಟಪಾಲು ಕಿಟಕಿಯಲ್ಲಿ ನನ್ನ ಮನವಿ ತಿರಸ್ಕಾರವಾಗಿದೆ ಎಂಬುದನ್ನು ತಮ್ಮ ಗಮನಕ್ಕೆ ತರುತ್ತಿದ್ದೇನೆ.

ನನ್ನ ಕೈಲಾದದ್ದನ್ನು ನಾನು ಮಾಡಿ ನೋಡಿದೆ. ಒಂದು ರಬ್ಬರ್ ಮೊಹರು ಮಾಡಿಸಿದೆ: "ಈ ಪ್ರತಿ ................ ಕೆಲಸಕ್ಕೆ ಮಾತ್ರ. ದಿನಾಂಕ ............" ಆಧಾರ್ ಪ್ರತಿ ಮಾಡಿಸಿದವರಿಗೆಲ್ಲ ಅಡ್ಡಲಾಗಿ ಅದನ್ನು ಒತ್ತಿ, ಜಾಗ ತುಂಬಿಸಿ ಕೊಡುತ್ತಿದ್ದೆ. ಪಿಂಚಣಿಗೆಂದು ಬರೆದ ಪ್ರತಿಯನ್ನು ಸಾಲಕ್ಕೋ ಸಿಮ್ಮಿಗೋ ಬಳಸುವುದು ಅಷ್ಟು ಸುಲಭವಲ್ಲ ಎಂಬ ಲೆಕ್ಕ. ಮೊದಲ ದಿನವೇ ನಾಲ್ವರು ತಿರುಗಿ ಬಂದರು. "ಮೇಲೆ ಗೀಚಿದ್ದೀರಿ, ನಡೆಯುವುದಿಲ್ಲ ಎಂದರು, ಬೇರೆ ಕೊಡಿ." ಮರೆಮಾಡಿದ ಆಧಾರ್ ಇಳಿಸಿಕೊಟ್ಟೆ. "ನಂಬರು ಪೂರ್ತಿ ಇಲ್ಲ, ಇದು ನಕಲಿ" ಎಂದು ಕಳಿಸಿದರು. ಪ್ರಾಧಿಕಾರವೇ ಕೊಡುವ ಕಾಗದವನ್ನು ನಕಲಿ ಎಂದವರು, ಮೂರು ಮೊಹರಿನ ಬಂಧನದ ಆದೇಶ ತಂದಿದ್ದರೆ ಏನು ಹೇಳುತ್ತಿದ್ದರೋ. ಬೆಳಗ್ಗೆಯಿಂದ ಬಸ್ಸು ಹಿಡಿದು ಬಂದ ಜನರಿಗೆ ನನ್ನ ಸುಧಾರಣೆಯಿಂದ ಎರಡೆರಡು ಸಲ ದುಡ್ಡು ದಂಡ. ಒಂದು ವಾರಕ್ಕೆ ಮೊಹರನ್ನು ಡ್ರಾಯರಿಗೆ ಹಾಕಿದೆ.

ಆದ್ದರಿಂದ ನನಗೆ ತಮ್ಮಿಂದ ಬೇಕಾಗಿರುವುದು ಹೊಸ ಯೋಜನೆಯಲ್ಲ, ಹೊಸ ಆ್ಯಪ್ ಅಂತೂ ಅಲ್ಲವೇ ಅಲ್ಲ. ಒಂದು ಪುಟದ ಸುತ್ತೋಲೆ. ಕಂಪ್ಯೂಟರಿನಲ್ಲಿ ಬೆರಳೊತ್ತಿಸಿಯೋ ಓಟಿಪಿ ಪಡೆದೋ ಆಧಾರನ್ನು ಪರಿಶೀಲಿಸಿದ ಮೇಲೆ ಅದೇ ಕೆಲಸಕ್ಕೆ ಮತ್ತೆ ಕಾಗದದ ಪ್ರತಿ ಕೇಳಬಾರದು. ಕೇಳಲೇಬೇಕಾದ ಕಡೆ ಮರೆಮಾಡಿದ ಆಧಾರನ್ನೂ, ಉದ್ದೇಶ ಮತ್ತು ದಿನಾಂಕ ಬರೆದ ಪ್ರತಿಯನ್ನೂ ಒಪ್ಪಬೇಕು. ಒಪ್ಪದ ಗುಮಾಸ್ತರು ಯಾಕೆಂದು ಬರೆದುಕೊಡಬೇಕು. ಈ ಕೊನೆಯ ಮಾತು ಮುಖ್ಯ. ಬರೆದುಕೊಡಿ ಎಂದರೆ ನಮ್ಮ ಕಚೇರಿಗಳಲ್ಲಿ ಅರ್ಧ ನಿಯಮಗಳು ತಾವಾಗಿ ಕರಗಿಹೋಗುತ್ತವೆ. ಮತ್ತೆ, ವಿಲೇವಾರಿಯಾದ ಹಳೆಯ ಅರ್ಜಿಗಳ ಕಟ್ಟುಗಳನ್ನು ರದ್ದಿಯವನಿಗೆ ತೂಕಕ್ಕೆ ಹಾಕುವ ಮೊದಲು ಅವುಗಳೊಳಗಿನ ಗುರುತಿನ ದಾಖಲೆಗಳನ್ನು ಚೂರು ಮಾಡಿಸಬೇಕು. ಯಂತ್ರ ಬೇಕಿದ್ದರೆ ನನ್ನದನ್ನು ಭಾನುವಾರ ಕೊಡುತ್ತೇನೆ.

ಎಇಪಿಎಸ್ ರಾಜ್ಯದ ಕೈಯಲ್ಲಿಲ್ಲ ಎಂಬುದು ಗೊತ್ತು. ಆದರೆ ರಾಜ್ಯ ಮಟ್ಟದ ಬ್ಯಾಂಕರುಗಳ ಸಮಿತಿಯ ಸಭೆಗಳಲ್ಲಿ ಸರ್ಕಾರದ ಹಿರಿಯ ಅಧಿಕಾರಿಗಳೂ ಕುಳಿತುಕೊಳ್ಳುತ್ತಾರೆ. ಖಾತೆದಾರರು ಬೇಕು ಎಂದು ಕೇಳಿದರೆ ಮಾತ್ರ ಆ ಬಾಗಿಲು ತೆರೆಯಲಿ ಎಂದು ಅಲ್ಲಿ ಒಂದು ಮಾತು ಹೇಳಬಹುದು. ಬೆರಳಚ್ಚಿಗೆ ಬೀಗ ಹಾಕಿಕೊಳ್ಳಿ ಎಂದು ಪೊಲೀಸರು ಹೇಳುತ್ತಾರೆ. ಒಳ್ಳೆಯ ಸಲಹೆ, ನಾನೂ ದಿನಕ್ಕೆ ನಾಲ್ಕೈದು ಜನರಿಗೆ ಆಧಾರ್ ಜಾಲತಾಣದಲ್ಲಿ ಹಾಕಿಕೊಡುತ್ತೇನೆ. ಬೀಗ ಬಿದ್ದ ಮೇಲೆ ಯಾರಾದರೂ ಬೆರಳು ಬಳಸಲು ನೋಡಿದರೆ ಯಂತ್ರ 330 ಎಂಬ ದೋಷ ಸಂಖ್ಯೆ ತೋರಿಸಿ ಸುಮ್ಮನಾಗುತ್ತದೆ. ಆದರೆ ಅಜ್ಜಿಗೆ ಬೀಗ ಹಾಕಿಕೊಟ್ಟ ತಿಂಗಳೇ ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿ ಸಿಗಲಿಲ್ಲ, ಅಲ್ಲಿಯೂ ಬೆರಳೇ ಬೇಕು. ತೆಗೆಯಬೇಕಾದರೆ ಮೊಬೈಲಿಗೆ ಓಟಿಪಿ ಬರಬೇಕು, ಹೊಸ ನಂಬರೂ ಬೆಂಗಳೂರಿನ ಮಗನದೇ, ಮಗ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಮಲಗಿರುತ್ತಾನೆ. ತೆರೆದರೂ ಹತ್ತು ನಿಮಿಷದಲ್ಲಿ ಬೀಗ ತಾನಾಗಿ ಬೀಳುತ್ತದೆ, ಪಡಿತರದ ಸಾಲು ಹತ್ತು ನಿಮಿಷದ್ದಲ್ಲ. ಕೊನೆಗೆ ಅಜ್ಜಿ "ತೆಗೆದುಬಿಡಪ್ಪ, ದುಡ್ಡಿದ್ದರೆ ತಾನೇ ಕದಿಯುವುದು, ಅಕ್ಕಿ ಬೇಕು" ಎಂದರು. ತೆಗೆದುಕೊಟ್ಟೆ. ಪಡಿತರಕ್ಕೆ ಬೆರಳಿನ ಬದಲು ಬೇರೆ ದಾರಿ ಮಾಡುವುದು ರಾಜ್ಯದ ಆಹಾರ ಇಲಾಖೆಯಿಂದಾಗುವ ಕೆಲಸ ಎಂದು ನನ್ನ ತಿಳಿವಳಿಕೆ.

ಪತ್ರ ಬಹಿರಂಗವಾಗಿರುವುದರಿಂದ ತಾವಲ್ಲದೆ ಬೇರೆಯವರೂ ಓದುತ್ತಾರೆ. ಅಂಗಡಿಯಲ್ಲಿ ನಾನು ಬಂದವರಿಗೆಲ್ಲ ಹೇಳುವುದನ್ನು ಅವರಿಗೂ ಹೇಳಿಬಿಡುತ್ತೇನೆ. ಬಿಟ್ಟುಬಿಟ್ಟ ಸಿಮ್ಮಿನ ನಂಬರು ತೊಂಬತ್ತು ದಿನಗಳ ನಂತರ ಇನ್ನೊಬ್ಬರಿಗೆ ಹೋಗಬಹುದು, ಅದಕ್ಕೆ ಮೊದಲು ಬ್ಯಾಂಕಿನಲ್ಲೂ ಆಧಾರಿನಲ್ಲೂ ಬದಲಾಯಿಸಿಕೊಳ್ಳಿ. ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದಲ್ಲಿ ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ಮುಗಳಿವೆ ಎಂದು ನೋಡಬಹುದು. ನಾಲ್ಕು ಎಕರೆ ರಾಗಿ ಬೆಳೆಯುವ ನಮ್ಮ ಗಿರಾಕಿಯೊಬ್ಬರ ಹೆಸರಿನಲ್ಲಿ ಆರು ಇದ್ದವು, ಅವರ ಕೈಯಲ್ಲಿದ್ದದ್ದು ಒಂದು. ಬೇಡದ್ದನ್ನು ಅಲ್ಲಿಯೇ ದೂರಿ ಮುಚ್ಚಿಸಬಹುದು. ಹಣ ಹೋದದ್ದು ಗೊತ್ತಾದ ಕೂಡಲೇ, ಮನೆಯವರು ಬೈಯುತ್ತಾರೆಂದು ಕಾಯದೆ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಕದ್ದ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುತ್ತಿರುತ್ತದೆ, ಅದು ಕೈಗೆ ಸಿಗುವುದು ಹಾರಾಟದ ನಡುವೆಯೇ. ಮೇಷ್ಟರ ವಿಷಯದಲ್ಲಿ ಹಣ ಹೋಗಿರಲಿಲ್ಲ, ಆದರೂ ಅವರು ಕರೆ ಮಾಡಿ ಆ ನಂಬರುಗಳನ್ನು ಬರೆಸಿದರು. ಈಗ ಅವರು ವಾರಕ್ಕೆ ಎರಡು ದಿನ ನನ್ನ ಅಂಗಡಿಯ ಸ್ಟೂಲಿನ ಮೇಲೆ ಕುಳಿತು, ಮೊಬೈಲನ್ನು ನನ್ನ ಕೈಗೆ ಕೊಟ್ಟು ಚಹಾಕ್ಕೆ ಹೊರಡುವವರನ್ನು ತರಗತಿಯ ಹುಡುಗರನ್ನು ಗದರಿಸಿದ ಹಾಗೆ ಗದರಿಸುತ್ತಾರೆ. ವ್ಯಾಪಾರ ಸ್ವಲ್ಪ ಕಡಿಮೆಯಾಗಿದೆ.

ರಬ್ಬರ್ ಮೊಹರು ಇನ್ನೂ ಡ್ರಾಯರಿನಲ್ಲಿದೆ, ಶಾಯಿಯ ಪ್ಯಾಡ್ ಮಾತ್ರ ಒಣಗಿದೆ. ತಮ್ಮ ಸುತ್ತೋಲೆ ಬಂದ ದಿನ ಹೊಸದು ತರುತ್ತೇನೆ.

ತಮ್ಮ ವಿಶ್ವಾಸಿ,
ಜೆರಾಕ್ಸ್ ಅಂಗಡಿಯವನು,
ತಾಲ್ಲೂಕು ಕಚೇರಿಯ ಎದುರು.

ಲಗತ್ತು: ಇಲ್ಲ.